ಪುಸ್ತಕ ಹೆಚ್ಚ್ಯಾವ್ರಿ, ಸಾಹೇಬ್ರ

"ಈ ವಿರೂಪಾಕ್ಷಪ್ಪ ಒಂದು ಮಾತು ಒಗದಾ ಅಂದ್ರ ಸಾಕು, ಸರ್ಕಾರಿ ಕುರ್ಚಿ ತಾವ ಎದ್ದು ನಡ್ಯಾಕ ಹತ್ತತಾವು."

ಬ್ಯಾಡಗಿಯ ಹಳೇಪೇಟೆ ವಾಚನಾಲಯದ ಕಟ್ಟೆಯ ಮೇಲೆ ಕೂತು ವಿರೂಪಾಕ್ಷಪ್ಪ ಈ ಮಾತು ಹೇಳದಿದ್ದ ದಿನ ಸೂರ್ಯನೂ ಅನುಮಾನಿಸಿಯೇ ಹುಟ್ಟುತ್ತಿದ್ದ. ಹಾವೇರಿ ಜಿಲ್ಲೆಯಾಗಿ ಹತ್ತು ವರ್ಷ ತುಂಬಿರದ ಕಾಲ. ಅಲ್ಲಿನ ಕಚೇರಿಗಳ ಕುರ್ಚಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಪೂರ್ತಿ ಹರಿದಿರಲಿಲ್ಲ. ಅಂಥ ಹೊಸ ಕುರ್ಚಿಗಳು ನಡೆಯುತ್ತವೋ ಇಲ್ಲವೋ ನೋಡಿ ಬಂದವರು ಯಾರೂ ಇರಲಿಲ್ಲವಾದ್ದರಿಂದ ಮಾತು ನಡೆಯುತ್ತಿತ್ತು.

ಆತ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಜೀವಮಾನವಿಡೀ ದಿವಾಣಜಿಯಾಗಿದ್ದವನು. ದಿವಾಣಜಿ ಅಂದರೆ ಹೆಸರಿಗೆ ಗುಮಾಸ್ತ. ಕೆಲಸ ಮಾತ್ರ ಮಾಲು ತಂದ ರೈತ ಮತ್ತು ಮಾಲು ಕೊಳ್ಳುವ ವ್ಯಾಪಾರಿ ಇಬ್ಬರನ್ನೂ ಮಾತಿನಲ್ಲೇ ಕಟ್ಟಿ ಕೂಡಿಸುವುದು. ಅವನ ದನಿ ಎಷ್ಟು ದೊಡ್ಡದೆಂದರೆ, ಆತ ಅಂಗಡಿಯಲ್ಲಿ ನಿಂತು ದರ ಕೂಗಿದರೆ ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಲಾರಿಯವರು ಪೊಲೀಸರೇ ಬಂದರೆಂದು ಬ್ರೇಕು ಒತ್ತುತ್ತಿದ್ದರು. ವಯಸ್ಸಾಗಿ ಅಂಗಡಿ ಬಿಟ್ಟ ಮೇಲೂ ಬಾಯಿ ನಿವೃತ್ತಿಯಾಗಲು ಒಪ್ಪಲಿಲ್ಲ. ಅದನ್ನು ಕಟ್ಟಿಕೊಂಡು ಆತ ದಿನವೂ ವಾಚನಾಲಯಕ್ಕೆ ಬರುತ್ತಿದ್ದ.

ಆ ವಾಚನಾಲಯ ಮೆಣಸಿನಕಾಯಿ ಗೋದಾಮಿಗೆ ಬೆನ್ನು ಕೊಟ್ಟು ಕೂತ ಎರಡು ಕೋಣೆಯ ಹೆಂಚಿನ ಮನೆ. ಗೋದಾಮಿನ ಘಾಟು ಗೋಡೆ ತೂರಿ ಬಂದು ಪುಸ್ತಕಗಳಲ್ಲಿ ಇಳಿದುಬಿಟ್ಟಿತ್ತು. ಹೀಗಾಗಿ ಅಲ್ಲಿ ನಗೆಬರಹ ಓದಿದವರೂ ಕಣ್ಣೊರೆಸಿಕೊಂಡೇ ಹೊರಗೆ ಬರುತ್ತಿದ್ದರು. ವಯಸ್ಸಾದ ಮಾಸ್ತರರೊಬ್ಬರು ರೈಲಿನ ವೇಳಾಪಟ್ಟಿ ಓದುತ್ತ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಪೇಟೆಯ ಮಂದಿಯೆಲ್ಲ ಕಂಡಿದ್ದಾರೆ.

ಅಲ್ಲಿಗೆ ಬರುವವರಲ್ಲಿ ನಿಜವಾಗಿ ಓದುವವಳು ಶೇಖವ್ವ. ಗೋದಾಮಿನ ಚಪ್ಪರದಲ್ಲಿ ಸಾಲಾಗಿ ಕೂತು ಮೆಣಸಿನಕಾಯಿಯ ತುಂಬು ಬಿಡಿಸುವ, ಅಂದರೆ ತೊಟ್ಟು ಕೀಳುವ, ಹೆಂಗಸರಲ್ಲಿ ಅವಳೂ ಒಬ್ಬಳು. ಮಕ್ಕಳ ಮದುವೆ ಮಾಡಿದ ಮೇಲೆ ಸಾಕ್ಷರತೆಯ ಪಾಠಕ್ಕೆ ಕೂತು ಅಕ್ಷರ ಕಲಿತವಳು. ಉಳಿದವರು ಹೆಬ್ಬೆಟ್ಟಿನಿಂದ ಸಹಿಗೆ ಬಂದು ನಿಂತರೆ, ಅವಳು ಸಹಿಯಿಂದ ಕಾದಂಬರಿಗೆ ಹಾರಿದ್ದಳು. ವಾಚನಾಲಯದಿಂದ ಪುಸ್ತಕ ಒಯ್ದು ಚಪ್ಪರದಲ್ಲಿ ಎಲ್ಲರಿಗೂ ಕೇಳುವಂತೆ ಓದುವಳು. ಖಾರದ ಬೆರಳು ತಾಗದಿರಲೆಂದು ಮುಂಗೈ ಬೆನ್ನಿನಿಂದ ಹಾಳೆ ತಿರುವುವಳು. ಅವಳು ಓದುವಷ್ಟು ಹೊತ್ತು ಅವಳ ಕೂಲಿ ಹೋಗಬಾರದಲ್ಲ, ಅದಕ್ಕೆ ಉಳಿದ ಹೆಂಗಸರು ತಮ್ಮ ಗುಡ್ಡೆಯಿಂದ ಒಂದೊಂದು ಬೊಗಸೆ ಎತ್ತಿ ಅವಳ ಗುಡ್ಡೆಗೆ ಹಾಕುವರು. ಈ ಪದ್ಧತಿಯನ್ನು ಯಾರೂ ಗೊತ್ತುಮಾಡಿರಲಿಲ್ಲ. ತಾನಾಗಿ ಬಂದಿತ್ತು.

ಆ ವರ್ಷ ಶೇಖವ್ವ ಒಬ್ಬ ರಾಣಿಯ ಕತೆ ಹಿಡಿದಿದ್ದಳು. ಮೂರು ಭಾಗದ ದಪ್ಪ ಕಾದಂಬರಿ. ಮೊದಲ ಭಾಗ ಮುಗಿಯುವಾಗ ರಾಣಿ ಕೋಟೆಯೊಳಗೆ ಒಬ್ಬಳೇ, ಹೊರಗೆ ವೈರಿ, ಬಾಗಿಲ ಅಗುಳಿ ಮುರಿಯುವುದರಲ್ಲಿತ್ತು. ಚಪ್ಪರದ ಹೆಂಗಸರಿಗೆಲ್ಲ ತಮ್ಮ ಮನೆಯ ಬಾಗಿಲಿಗಿಂತ ಆ ಬಾಗಿಲಿನದೇ ಚಿಂತೆ.

ಇಂಥ ಹೊತ್ತಿನಲ್ಲಿ ಮಧು ಎಂಬ ಸಾಹೇಬರು ಬಂದರು. ಚಿಕ್ಕ ವಯಸ್ಸು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಯಾವ ವಾಚನಾಲಯಕ್ಕೆ ಸರ್ಕಾರದ ಅನುದಾನ ಎಷ್ಟು ಬೇಕು, ಎಲ್ಲಿ ಬೇಡ ಎಂದು ನೋಡಿ ಹೇಳುವ ಕೆಲಸ ಅವರದು. ಅಂದು ಶನಿವಾರ. ವಾಚನಾಲಯ ನೋಡಿಕೊಳ್ಳುವ ಮನೋಹರ ಹರಕೆ ತೀರಿಸಲು ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿದ್ದ. ಬಾಗಿಲು ತೆರೆದಿಟ್ಟು "ಬರೂತನಾ ನೋಡ್ಕೊಂಡು ಕುಂದ್ರಿ" ಎಂದು ವಿರೂಪಾಕ್ಷಪ್ಪನಿಗೆ ಹೇಳಿದ್ದ. ಸಾಹೇಬರು ಹೊಸ್ತಿಲೊಳಗೆ ಕಾಲಿಟ್ಟದ್ದೇ ತಡ, ಘಾಟು ಮೂಗಿಗೇರಿ ಸೀನತೊಡಗಿದರು. ಮೊದಲ ಸೀನಿಗೆ ಕನ್ನಡಕ ಹಾರಿತು, ಎರಡನೆಯದಕ್ಕೆ ಕಿಸೆಯ ಪೆನ್ನು. ಮೂರನೆಯದಕ್ಕೆ ಸಾಹೇಬರೇ ಹಾರಿ ಕಟ್ಟೆಗೆ ಬಂದು ಕೂತರು. ಒಳಗಿನ ಕಪಾಟಿನ ಕೆಳಗಿನ ಅರೆಗಳನ್ನು ಗೆದ್ದಲು ಓದಿ ಮುಗಿಸಿದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ವಿರೂಪಾಕ್ಷಪ್ಪ ಒಳಗಿನಿಂದ ಒಂದು ಕುರ್ಚಿ ತಂದುಕೊಟ್ಟ.

ಮೂಗಿಗೆ ಕರವಸ್ತ್ರ ಹಿಡಿದು ಮಧು ಕೇಳಿದರು. "ಇಲ್ಲಿ ಪುಸ್ತಕಗಳ ಪರಿಸ್ಥಿತಿ ಹೇಗಿದೆ ಯಜಮಾನ್ರೆ?"

ಈಗ ಒಂದು ಮಾತು ತಿಳಿಸಬೇಕು. ನಮ್ಮ ಕಡೆ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಸಾಮಾನು ತೀರಿದರೆ 'ಇಲ್ಲ' ಎನ್ನುವ ವಾಡಿಕೆಯಿಲ್ಲ. ಜೋಳ ತೀರಿದರೆ 'ಜ್ವಾಳ ಹೆಚ್ಚ್ಯಾವ' ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಿದವು ಎಂದೇ ಲೆಕ್ಕ. ಇಲ್ಲ ಎಂದು ಬಾಯಿ ಬಿಟ್ಟರೆ ಲಕ್ಷ್ಮಿ ಅದನ್ನೇ ಕೇಳಿಸಿಕೊಂಡು ಗಂಟು ಕಟ್ಟುತ್ತಾಳೆಂಬ ಅಂಜಿಕೆ. ದಲಾಲಿ ಅಂಗಡಿಯಲ್ಲಂತೂ ಇಲ್ಲ ಎಂದವನ ಕೆಲಸ ಅಂದೇ ಹೆಚ್ಚುತ್ತಿತ್ತು. ಅಲ್ಲಿ ಪಳಗಿದ ನಾಲಿಗೆ ತಾನಾಗಿ ಹೊರಳಿತು.

"ಪುಸ್ತಕ ಹೆಚ್ಚ್ಯಾವ್ರಿ, ಸಾಹೇಬ್ರ."

"ಹೆಚ್ಚಾಗಿವೆಯಾ?"

"ಹ್ಞೂಂರಿ. ಹೊಸಾವು ಅಂತೂ ಪೂರಾ ಹೆಚ್ಚ್ಯಾವ."

"ವಾರಪತ್ರಿಕೆಗಳು?"

"ಅವು ದೀಪಾವಳಿಗೇ ಹೆಚ್ಚಿದುವು."

"ಕುರ್ಚಿಗಳು?"

"ಕುರ್ಚಿ ನಾಕು ಹೆಚ್ಚ್ಯಾವ್ರಿ. ನೀವು ಕುಂತದ್ದು ಇನ್ನೂ ಹೆಚ್ಚಿಲ್ಲ. ಸ್ವಲ್ಪ ಹಗೂರಕ ಕುಂದ್ರಿ, ಅದೂ ಹೆಚ್ಚೀತು."

ಮಧು ಇದು ಉತ್ತರ ಕರ್ನಾಟಕದ ಉಪಚಾರದ ಮಾತಿರಬೇಕೆಂದು ನಕ್ಕರು. "ನಾನು ಹೋದ ಕಡೆಯೆಲ್ಲ ಇಲ್ಲ, ಇಲ್ಲ ಅಂತ ಅಳ್ತಾರೆ. ಹೆಚ್ಚಾಗಿದೆ ಅಂದ ಊರು ಇದೇ ಮೊದಲು. ನಿಮ್ಮಂಥವರು ಇರಬೇಕು ಯಜಮಾನ್ರೆ."

ಆ ಗಳಿಗೆಯಲ್ಲಿ ವಿರೂಪಾಕ್ಷಪ್ಪನ ತಲೆಯಲ್ಲಿ ಎಲ್ಲೋ ಒಂದು ಗಂಟೆ ಸಣ್ಣಗೆ ಬಾರಿಸಿತು. ಸಾಹೇಬರ ಮುಖದಲ್ಲಿದ್ದ ಸಂತೋಷ ಕೊರತೆಯ ಸುದ್ದಿ ಕೇಳಿದವರ ಮುಖದ್ದಲ್ಲ. ತಡೆದು ಕೇಳಬಹುದಿತ್ತು. ಆದರೆ ಹೊಗಳಿಕೆ ಆಗತಾನೇ ಬಾಯಿಗೆ ಬಿದ್ದಿತ್ತು, ಬೆಲ್ಲದ ಹರಳಿನಂತೆ. ಬಾಯಲ್ಲಿ ಬೆಲ್ಲವಿಟ್ಟುಕೊಂಡು ಯಾರು ಪ್ರಶ್ನೆ ಕೇಳುತ್ತಾರೆ?

"ಅಂದ್ರೆ ಸರ್ಕಾರದ ಅನುದಾನ ಇಲ್ಲದಿದ್ರೂ ನೀವೇ ನಡೆಸ್ಕೊಂಡು ಹೋಗ್ತೀರಿ ಅನ್ನಿ."

"ಬ್ಯಾಡಗಿ ಅಂದ್ರ ಏನ್ ತಿಳದೀರಿ ಸಾಹೇಬ್ರ. ಸರ್ಕಾರದ್ದು ಯಾಕ ಬೇಕು? ನಮ್ಮ ಮಾರ್ಕೆಟ್ಟಿನ ಕಸ ಗುಡಿಸಿ ಮಾರಿದ್ರ ಇಂಥಾ ಹತ್ತು ವಾಚನಾಲಯ ನಡಸತೇವಿ."

ಸಾಹೇಬರು ಕೈ ಕುಲುಕಿ ಜೀಪು ಹತ್ತಿದರು. ವಿರೂಪಾಕ್ಷಪ್ಪ ಆ ಕೈಯನ್ನು ಸಂಜೆಯ ತನಕ ತೊಳೆಯಲಿಲ್ಲ.

ವಾರ ತುಂಬುವಷ್ಟರಲ್ಲಿ ಒಂದು ಟೆಂಪೊ ಬಂತು. ಗಟ್ಟಿಯಾಗಿದ್ದ ನಾಲ್ಕೇ ನಾಲ್ಕು ಕುರ್ಚಿಗಳನ್ನು ಹೇರಿಕೊಂಡಿತು. ಗೆದ್ದಲು ಮುಟ್ಟದ ಮೇಲಿನ ಅರೆಗಳ ಪುಸ್ತಕಗಳನ್ನೂ ಹೇರಿಕೊಂಡಿತು, ಅದರಲ್ಲಿ ರಾಣಿಯ ಎರಡನೆಯ ಮೂರನೆಯ ಭಾಗಗಳೂ ಹೋದವು. ರಾಣೆಬೆನ್ನೂರಿನಲ್ಲಿ ಹೊಸದಾಗಿ ತೆರೆದ ಒಂದು ವಾಚನಾಲಯಕ್ಕೆ ಅವೆಲ್ಲ ಬೇಕಂತೆ. ಪತ್ರಿಕೆಯ ಅನುದಾನವೂ ನಿಂತಿತು. ಸರ್ಕಾರಿ ಕುರ್ಚಿಗಳು ಖರೇ ಎದ್ದು ನಡೆದಿದ್ದವು, ಹಳೇಪೇಟೆಯ ಓಣಿಯಲ್ಲಿ, ಎಲ್ಲರ ಕಣ್ಣೆದುರು, ನಾಲ್ಕು ಕಾಲು ಮೇಲೆ ಮಾಡಿಕೊಂಡು.

ಮನೋಹರ ಕಟ್ಟೆಯ ಮೇಲೆ ಕುಸಿದು ಕೂತಿದ್ದ. "ಮ್ಯಾಲಿನವರಿಗೆ ಫೋನ್ ಮಾಡಿ ಕೇಳಿದೆ. ಇಲ್ಲಿ ಎಲ್ಲಾ ಹೆಚ್ಚಾಗೈತಿ, ಸರ್ಕಾರದ್ದು ಬ್ಯಾಡ ಅಂತ ಊರವರ ಹೇಳ್ಯಾರಂತ. ಯಾವ ಪುಣ್ಯಾತ್ಮ ಹೇಳಿದ್ನೊ."

"ಯಾವಾಂವ ಅಂವಾ?" ವಿರೂಪಾಕ್ಷಪ್ಪ ಎದ್ದು ನಿಂತು ಗುಡುಗಿದ. "ಅವನ ನಾಲಿಗಿ ಮೆಣಸಿನಕಾಯಿ ಚೀಲದಾಗ ಹಾಕಿ ಹೊಲೀಬೇಕು. ಅವನ ಹಲ್ಲು ಕಾಗಿನೆಲಿ ಹಾದಿಗೆ ಖಡಿ ಮಾಡಿ ಹಾಸಬೇಕು." ಶಾಪ ಉದ್ದವಾಗುತ್ತ ಹೋಗಿ ಓಣಿಯ ನಾಯಿಗಳು ಎದ್ದು ಬೇರೆ ಓಣಿ ನೋಡಿಕೊಂಡವು. ಜನ ತಲೆದೂಗಿದರು. ಇಂಥ ಗಂಡಸೊಬ್ಬ ಬೇಕು ಊರಿಗೆ, ಅಂದರು.

ಮನೆಗೆ ಬಂದು ಊಟಕ್ಕೆ ಕೂತ. ಹೆಂಡತಿ ಗದಿಗೆವ್ವ ರೊಟ್ಟಿ ಹಾಕುತ್ತ ಹೇಳಿದಳು. "ಎಣ್ಣಿ ಹೆಚ್ಚೇತಿ. ಸಂಜಿಕ ಬರೂ ಮುಂದ ತರ್ರಿ."

ಆತ ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟ.

"ಏನಂದಿ?"

"ಎಣ್ಣಿ ಹೆಚ್ಚೇತಿ ಅಂದೆ. ಕಿವಿನೂ ಹೆಚ್ಚಿದುವೇನು?"

ಆತ ಖಾಲಿ ಎಣ್ಣೆ ಡಬ್ಬಿಯನ್ನೇ ನೋಡುತ್ತ ಕೂತ. ಬೆಂಗಳೂರಿನ ಮಂದಿ ಇದೇ ಮಾತು ಕೇಳಿದರೆ, ಈ ಮನೆಯಲ್ಲಿ ಎಣ್ಣೆಯ ಹೊಳೆ ಹರಿಯುತ್ತಿದೆ ಎಂದು ಕೊಡ ತಗೊಂಡು ಬರುತ್ತಿದ್ದರು. ಬಂದೇಬಿಟ್ಟಿದ್ದರಲ್ಲ, ಟೆಂಪೊ ತಗೊಂಡು. ಆತ ತನ್ನ ನಾಲಿಗೆಯನ್ನು ಹಲ್ಲಿನಿಂದ ಮೆಲ್ಲಗೆ ಒತ್ತಿ ನೋಡಿದ. ಹೊಲಿಯಬೇಕೆಂದು ಊರೆದುರು ಕೂಗಿದ್ದ ನಾಲಿಗೆ ಅದೇ.

ಅಂದಿನಿಂದ ಕಟ್ಟೆಯ ಮೇಲೆ ಅವನು ಕಾಣಲಿಲ್ಲ. ಸಂದಿಗೊಂದಿ ಹಿಡಿದು ಓಡಾಡಿದ. ಆದರೆ ಬ್ಯಾಡಗಿಯಂಥ ಊರಿನಲ್ಲಿ ಯಾವ ಓಣಿ ಹಿಡಿದರೂ ಮೆಣಸಿನಕಾಯಿ ಚಪ್ಪರದ ಮುಂದೆಯೇ ಹಾಯಬೇಕು. ಅಲ್ಲಿ ಈಗ ಓದಿನ ದನಿಯಿಲ್ಲ. ತೊಟ್ಟು ಮುರಿಯುವ ಚಟಚಟ ಸದ್ದು ಮಾತ್ರ. ಒಂದು ದಿನ ಜೈತೂನಬಿ ಎನ್ನುವ ಹೆಂಗಸು ಶೇಖವ್ವನನ್ನು ಕೇಳುವುದು ಅವನ ಕಿವಿಗೆ ಬಿತ್ತು.

"ಶೇಖವ್ವಾ, ಆ ರಾಣಿ ಉಳದಳೋ ಹ್ವಾದಳೋ ಅಷ್ಟರ ಹೇಳಬೇ. ನಿದ್ದಿ ಹತ್ತವಲ್ದು."

"ನನಗೇನ್ ಗೊತ್ತೈತಿ? ಬಾಗಲಾ ಮುರೀತಿದ್ರು, ಅಷ್ಟರಾಗ ಟೆಂಪೊ ಬಂತು."

"ಮನಸಿಗೆ ಬಂದಂಗ ಹೇಳಿಬಿಡು. ಒಂದು ಬೊಗಸಿ ಜಾಸ್ತಿ ಹಾಕತೇನಿ."

"ಸುಳ್ಳು ಹೇಳಿ ಬೊಗಸಿ ಇಸ್ಗೊಳ್ಳಲೇನು? ಅದಕ್ಕ ಬ್ಯಾರೆ ಮಂದಿ ಅದಾರ." ಅಷ್ಟರಲ್ಲಿ ಅವಳು ವಿರೂಪಾಕ್ಷಪ್ಪನನ್ನು ಕಂಡು ಎದ್ದು ಬಂದಳು. ಆತ ಚಪ್ಪರದ ಕಂಬವಾಗಿ ನಿಂತ. "ದಿವಾಣಜ್ಯಾರ, ನೀವು ಹಾವೇರಿಗೆ ಹೋಗ್ರಿ. ನಿಮ್ಮ ಮಾತು ನಡೀತೈತಿ ಅಂತ ಎಲ್ಲಾರೂ ಅಂತಾರ. ನಾವೂ ಹಿಂದ ಬರ್ತೇವಿ. ಕೂಲಿ ಹ್ವಾದ್ರ ಹೋಗ್ಲಿ."

"ಹೋಗೂಣವಾ" ಎಂದ ಆತ. ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದು ಅದೇ ಮೊದಲು. ಶೇಖವ್ವ ಅದನ್ನು ವಿನಯವೆಂದು ತಿಳಿದಳು. ಅದು ಅವನನ್ನು ಮತ್ತಷ್ಟು ಸುಟ್ಟಿತು.

ಹಾವೇರಿಗೆ ಹೋಗುವ ಮೊದಲು ಆತ ಯಾರಿಗೂ ಹೇಳದೆ ರಾಣೆಬೆನ್ನೂರಿಗೆ ಹೋದ. ಅಲ್ಲಿಯವರ ಕೈಕಾಲು ಹಿಡಿದಾದರೂ ರಾಣಿಯ ಎರಡನೆಯ ಭಾಗ ತಂದು ಶೇಖವ್ವನ ಕೈಗಿಟ್ಟರೆ ಪಾಪದ ತೂಕ ಒಂದಿಷ್ಟು ಇಳಿದೀತೆಂಬ ಆಸೆ. ವಾಚನಾಲಯ ಹುಡುಕುವುದು ಕಷ್ಟವಾಗಲಿಲ್ಲ. ಸೀನಿನ ಸದ್ದು ಹಿಡಿದು ಹೋದ, ಸಿಕ್ಕಿತು. ಒಳಗೆ ತಮ್ಮೂರಿನ ಕುರ್ಚಿಗಳ ಮೇಲೆ ಪರ ಊರಿನವರು ಕೂತಿದ್ದರು. ಕಿಟಕಿಯ ಹತ್ತಿರ ಬೀಜದ ಅಂಗಡಿಯ ಹಮಾಲನೊಬ್ಬ ಹೆಗಲ ಮೇಲಿನ ಗೋಣಿತಾಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಅದೇ ಪುಸ್ತಕ ಓದುತ್ತಿದ್ದ, ಬೆರಳು ಸಾಲಿನ ಮೇಲಿಟ್ಟು, ತುಟಿ ಆಡಿಸುತ್ತ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಖಾರರಿ?" ವಿರೂಪಾಕ್ಷಪ್ಪ ಪಕ್ಕದಲ್ಲಿ ಕೂತು ಕೇಳಿದ.

"ಖಾರನೂ ಐತಿ" ಎಂದು ಹಮಾಲ ತಲೆ ಎತ್ತದೆ ಹೇಳಿದ. "ಈ ರಾಣೀನ್ನ ಆಕೀ ಅಣ್ಣನ ಹಿಡಕೊಟ್ಟಾನ್ರಿ. ಬಾಗಲಾ ಒಳಗಿಂದನ ತೆಗದಾ. ಮನಿಯವನ ಹಿಂಗ ಮಾಡಿದ್ರ ಹೊರಗಿನವರಿಗೆ ಏನ್ ಅನ್ನೂದು ಹೇಳ್ರಿ."

ವಿರೂಪಾಕ್ಷಪ್ಪ ಎದ್ದು ನಿಂತ. ಪುಸ್ತಕ ಕೇಳಲು ಮನಸ್ಸಾಗಲಿಲ್ಲ. ಒಬ್ಬರ ಮುಂದಿನ ಊಟದ ತಾಟನ್ನು ಎಳೆದು ಇನ್ನೊಬ್ಬರ ಮುಂದೆ ಇಡಲು ಬಂದವನಂತೆ ಅವನಿಗೆ ನಾಚಿಕೆಯಾಯಿತು. ಬಂದ ಬಸ್ಸಿಗೇ ತಿರುಗಿದ.

ಅಹವಾಲು ಕೇಳಲು ಹಾವೇರಿಯ ಕಚೇರಿಯಲ್ಲಿ ಕರೆದ ಸಭೆಗೆ ಶೇಖವ್ವ, ಜೈತೂನಬಿ, ಮನೋಹರ ಬಂದರು. ಜೊತೆಗೆ ಸಿದ್ದಲಿಂಗೇಶನೂ ಬಂದ. ವಿರೂಪಾಕ್ಷಪ್ಪ ದುಡಿದ ಅಂಗಡಿಯ ಮುದುಕ ಸಾವ್ಕಾರರು ತೀರಿಕೊಂಡ ಮೇಲೆ ಗಾದಿಗೆ ಕೂತ ಮಗ ಇವನು. ಶೇಖವ್ವ ತುಂಬು ಬಿಡಿಸುವ ಚಪ್ಪರವೂ ಅವನದೇ. ಒಳ್ಳೆಯ ಮನುಷ್ಯ. ಆದರೆ ತಾನು ಒಳ್ಳೆಯವನೆಂಬುದು ಅವನಿಗೆ ತುಸು ಚೆನ್ನಾಗಿಯೇ ಗೊತ್ತಿತ್ತು. ಮೇಜಿನ ಆಚೆ ಮಧು ಸಾಹೇಬರು ಕೂತಿದ್ದರು. ವಿರೂಪಾಕ್ಷಪ್ಪನನ್ನು ಕಂಡು ಹಳೆಯ ಸ್ನೇಹಿತನನ್ನು ಕಂಡಂತೆ ನಕ್ಕರು. ಆತ ಮನೋಹರನ ಹಿಂದೆ ಸರಿದು ಕೂತ.

ಸಿದ್ದಲಿಂಗೇಶ ಮೊದಲು ಮಾತೆತ್ತಿದ. "ಸರ್ಕಾರದ ಬಾಗಲಾ ಯಾಕ ಕಾಯೂದ್ರಿ ಸಾಹೇಬ್ರ? ನಮ್ಮ ಅಂಗಡಿ ಮ್ಯಾಲ ಹಾಲ್ ಐತಿ. ಅಪ್ಪಾರ ಹೆಸರಲೆ ಪುಸ್ತಕ ಇಡತೇನಿ. ಓದಾವ್ರು ಬರ್ಲಿ. ಕೈ ತೊಳಕೊಂಡು ಬರ್ಲಿ, ಅಷ್ಟ."

ಮಧು ಅವರ ಮುಖ ಅರಳಿತು. "ಅದ್ಭುತ. ದಾನಿಗಳು ಸಿಕ್ಕ ಮೇಲೆ ಸಮಸ್ಯೆನೇ ಮುಗೀತಲ್ಲ."

ವಿರೂಪಾಕ್ಷಪ್ಪ ಪಕ್ಕಕ್ಕೆ ನೋಡಿದ. ಶೇಖವ್ವ ತನ್ನ ಎರಡೂ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಳ್ಳುತ್ತಿದ್ದಳು. ಆ ಕೈಯ ಖಾರ ಸಾಬೂನಿಗೆ ಹೋಗುವಂಥದಲ್ಲ. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ತಾನು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ದಾನಿಗೆ ಹಾರ, ಊರಿಗೆ ಹಾಲ್, ತನಗೆ ನಿದ್ದೆ. ಈ ಸರಳ ಲೆಕ್ಕ ಅವನಿಗೂ ಹೊಳೆಯಿತು. ಆದರೂ ಎದ್ದು ನಿಂತ.

"ಸಾವ್ಕಾರ್ರ, ನಿಮ್ಮ ಮನಸು ದೊಡ್ಡದು. ಅದಕ್ಕ ನನಗ ಅಂಜಿಕಿ. ದೊಡ್ಡ ಮನಸಿನವರು ಇಟ್ಟ ಪುಸ್ತಕ ಓದಬೇಕಾದ್ರ ದಿನಾ ಅವರ ಮಾರಿ ನೋಡಿ ಓದಬೇಕು. ಈ ವರ್ಷ ಹಾಲ್ ಖಾಲಿ ಐತಿ, ತೆಗೀತೀರಿ. ಮುಂದಿನ ವರ್ಷ ಮಾಲು ಉಳಿದ್ರ ಅಲ್ಲೇ ಚೀಲಾ ಒಟ್ಟತೀರಿ. ಅದು ನಿಮ್ಮ ತಪ್ಪಲ್ಲ. ಗೋದಾಮಿನ ಸ್ವಭಾವನ ಅದು."

"ಹಂಗಂದ್ರ? ನಾ ಹಾಕಬಾರ್ದೇನು?"

"ಹಾಕ್ರಿ, ಬ್ಯಾಡ ಅನ್ನಲ್ಲ. ಆದರ ಸರ್ಕಾರದ್ದನ್ನ ತಗದು ಹಾಕಬ್ಯಾಡ್ರಿ. ಮನಿಪಟ್ಟಿ ತುಂಬೂ ಮುಂದ ಗ್ರಂಥಾಲಯದ ಕರ ಅಂತ ನೀವೂ ತುಂಬತೀರಿ, ಈ ಶೇಖವ್ವನೂ ತುಂಬತಾಳ. ಆಕೀದು ಸಣ್ಣ ಮನಿ, ಸಣ್ಣ ಪಟ್ಟಿ. ಆದ್ರ ವಾಚನಾಲಯದ ಕುರ್ಚಿ ಇಬ್ಬರಿಗೂ ಅಷ್ಟ ಅಗಲ. ಅಲ್ಲಿ ಆಕೀನ್ನ ಯಾಕ ಬಂದಿ ಅಂತ ಕೇಳಾವ್ರಿಲ್ಲ, ಕೈ ತೋರ್ಸು ಅನ್ನಾವ್ರಿಲ್ಲ. ನ್ಯಾಯಬೆಲಿ ಅಂಗಡಿ ನಡಸಾಕ, ದವಾಖಾನಿ ನಡಸಾಕ ನಾವು ದಾನಿ ಹುಡಕತೇವೇನು? ಓದಿಗೆ ಯಾಕ ಹುಡಕಬೇಕು?"

ಮಧು ಕನ್ನಡಕ ತೆಗೆದರು. "ಯಜಮಾನ್ರೆ, ನನಗೆ ಅರ್ಥವಾಗ್ತಿಲ್ಲ. ಎಲ್ಲಾ ಹೆಚ್ಚಾಗಿದೆ ಅಂತ ಅವತ್ತು ನೀವೇ ಹೇಳಿದ್ರಲ್ಲ?"

ಮನೋಹರ ಪಕ್ಕಕ್ಕೆ ಸರಿದ. ವಿರೂಪಾಕ್ಷಪ್ಪ ಒಬ್ಬನೇ ಬಯಲಿಗೆ ಬಿದ್ದ.

"ಹೇಳೇನ್ರಿ. ಹೆಚ್ಚ್ಯಾವ ಅಂದ್ರ ನಮ್ಮ ಕಡೆ ಮುಗದಾವ ಅಂತ ಅರ್ಥ."

"ಮುಗಿದಿವೆ ಅಂತಾನಾ? ಹಾಗಾದ್ರೆ ನಿಜವಾಗಿ ಹೆಚ್ಚಾಗಿದ್ರೆ ಏನಂತೀರಿ?"

"ಹೆಚ್ಚಾಗಿದ್ರ ಹೇಳೂದ ಇಲ್ರಿ. ದೃಷ್ಟಿ ಆಗತೈತಿ."

ಸಾಹೇಬರ ಮುಖ ಬ್ಯಾಡಗಿಯ ಮೊದಲ ದರ್ಜೆಯ ಮಾಲಿನ ಬಣ್ಣಕ್ಕೆ ತಿರುಗಿತು. ಜೈತೂನಬಿ ನಕ್ಕುಬಿಟ್ಟಳು. ಮನೋಹರನೂ ನಕ್ಕ. ನಗುವಿನ ಮರೆಯಲ್ಲಿ ಅಲ್ಲಿಗೇ ತಪ್ಪಿಸಿಕೊಳ್ಳಬಹುದಿತ್ತು. ಭಾಷೆಯದು ತಪ್ಪು, ಮನುಷ್ಯನದಲ್ಲ ಎಂದು ಎಲ್ಲರೂ ಕೂಡಿ ಚಹಾ ಕುಡಿಯಬಹುದಿತ್ತು. ಶೇಖವ್ವ ಮಾತ್ರ ನಕ್ಕಿರಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ಅದೊಂದ ಆಗಿದ್ರ ತಿಳೀಲಾರದ ತಪ್ಪು" ಎಂದ ವಿರೂಪಾಕ್ಷಪ್ಪ. "ಸರ್ಕಾರದ್ದು ಬ್ಯಾಡ ಅಂದದ್ದು ತಿಳದ ಅಂದದ್ದು. ನೀವು ಹೊಗಳಿದ್ರಿ, ನಾ ಉಬ್ಬಿದೆ. ನಂದಲ್ಲದ್ದನ್ನ ನಾ ಬಿಟ್ಟುಕೊಟ್ಟೆ. ಈಗ ಕೇಳ್ರಿ, ಬರಕೋರಿ. ನಮ್ಮ ವಾಚನಾಲಯದಾಗ ಪುಸ್ತಕ ಇಲ್ಲ. ಪತ್ರಿಕಿ ಇಲ್ಲ. ಕುರ್ಚಿ ಇಲ್ಲ. ಸರ್ಕಾರದ ಅನುದಾನ ಬೇಕು. ಇವತ್ತಷ್ಟ ಅಲ್ಲ, ವರ್ಷಾ ವರ್ಷಾ ಬೇಕು."

ಇಲ್ಲ ಎಂಬ ಪದ ಅಷ್ಟು ಸಲ ಅವನ ಬಾಯಿಂದ ಬಂದದ್ದು ಕೇಳಿ, ತೀರಿಕೊಂಡ ಹಿರಿಯ ಸಾವ್ಕಾರರು ಇದ್ದಲ್ಲಿಯೇ ಒಮ್ಮೆ ಮಗ್ಗುಲಾಗಿರಬೇಕು.

ಮಧು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ "ರಾಣೆಬೆನ್ನೂರಿಂದ ನಿಮ್ಮ ಪುಸ್ತಕ ವಾಪಸ್ ತರಿಸ್ತೀನಿ. ಅದು ಸುಲಭ" ಎಂದರು.

"ಬ್ಯಾಡ್ರಿ. ನಾ ಹೋಗಿ ನೋಡಿ ಬಂದೇನಿ. ಅಲ್ಲಿ ಒಬ್ಬ ಹಮಾಲ ಓದಾಕತ್ತಾನ, ಅರ್ಧಕ್ಕ ಬಂದಾನ. ಅವನ ಕೈಯಿಂದ ಕಸಗೊಂಡು ಈಕಿ ಕೈಗೆ ಕೊಟ್ರ ಏನ್ ಬಂತು? ಅವರಿಗೂ ಇರ್ಲಿ, ನಮಗೂ ಕೊಡ್ರಿ. ಇಬ್ಬರಿಗೂ ಕೊಡಾಕಂತನ ಸರ್ಕಾರ ಇರೂದು. ಒಬ್ಬರಿಗೆ ಕೊಡಾಕ ಸಾವ್ಕಾರ್ರು ಸಾಕಾಗ್ತಿದ್ರು."

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ವಿರೂಪಾಕ್ಷಪ್ಪ ಕಂಬಿ ಹಿಡಿದು ನಿಂತೇ ಬಂದ. ಶೇಖವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ತಿರುಗಿ ನೋಡಿದಳು.

"ದಿವಾಣಜ್ಯಾರ, ಆ ಸಾಹೇಬ್ರು ನನ್ನ ಕೇಳಿದ್ರ ನಾನೂ ಹೆಚ್ಚ್ಯಾವ ಅಂತನ ಅಂತಿದ್ದೆ. ಅದನ್ನ ಬಿಡ್ರಿ. ಬ್ಯಾಡ ಅಂತ ಮಾತ್ರ ಅಂತಿರಲಿಲ್ಲ. ನಂದನ್ನ ಬ್ಯಾಡ ಅನ್ನಾಕ ನೀವ್ಯಾರು?"

ಮೋಟೆಬೆನ್ನೂರಿಗೂ ಬ್ಯಾಡಗಿಗೂ ನಡುವೆ ಅಂಥ ದೂರವೇನಿಲ್ಲ. ಆದರೆ ಅಂದು ಆ ಹಾದಿಯನ್ನು ಯಾರೋ ಹಿಗ್ಗಿಸಿದ್ದರು. ಉತ್ತರ ಹುಡುಕುವಷ್ಟರಲ್ಲಿ ಬಸ್ಸು ಲಂಡನ್ನಿಗೆ ಹೋಗಿ ಬಂದಷ್ಟು ಹೊತ್ತಾಯಿತು. ಇಳಿಯುವಾಗ ಅವಳು "ಮೆಟ್ಟಲಾ ನೋಡಿ ಇಳೀರಿ" ಎಂದಳು. ಅಷ್ಟೇ ಕ್ಷಮೆ. ಅದನ್ನೇ ಆತ ಮನೆತನಕ ಜೋಪಾನವಾಗಿ ಒಯ್ದ.

ಸರ್ಕಾರದ ಕಾಗದ ಸರ್ಕಾರದ ಕಾಲಿನಲ್ಲೇ ನಡೆದು, ಮಾರನೆಯ ಸುಗ್ಗಿಯ ಹೊತ್ತಿಗೆ ಅನುದಾನ ತಂದಿತು. ಹೊಸ ಕುರ್ಚಿ, ಹೊಸ ಪುಸ್ತಕ, ಪತ್ರಿಕೆಗಳು, ಗೋಡೆಗೊಂದು 'ನಿಶ್ಶಬ್ದವಾಗಿರಿ' ಎಂಬ ಹೊಸ ಬೋರ್ಡು. ರಾಣಿಯ ಎರಡನೆಯ ಭಾಗ ಆ ಗಂಟಿನಲ್ಲಿ ಬಂದಿರಲಿಲ್ಲ. ಶೇಖವ್ವ ಬೇರೊಂದು ಕತೆ ಹಿಡಿದಿದ್ದಳು. ರಾಣಿಯ ಅಣ್ಣನೇ ಬಾಗಿಲು ತೆಗೆದನೆಂದು ವಿರೂಪಾಕ್ಷಪ್ಪನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಹೊಸ ಕುರ್ಚಿಗಳನ್ನು ಬಿಟ್ಟು ಗೆದ್ದಲು ತಿಂದ ಕಪಾಟಿನ ಪಕ್ಕದ ಮುರುಕು ಸ್ಟೂಲಿನ ಮೇಲೆ ಕೂರುತ್ತಿದ್ದ.

ಒಂದು ಮಧ್ಯಾಹ್ನ ಸಿದ್ದಲಿಂಗೇಶ ಬಾಗಿಲಲ್ಲಿ ಬಂದು ನಿಂತ. ಒಳಗೆ ಹಮಾಲರು, ಮಾಸ್ತರರು, ಚಪ್ಪರದಿಂದ ಊಟದ ಬಿಡುವಿಗೆ ಬಂದ ಹೆಂಗಸರು, ಎಲ್ಲ ತಲೆ ತಗ್ಗಿಸಿ ಕೂತಿದ್ದರು. ಅಲ್ಲೊಂದು ಇಲ್ಲೊಂದು ಸೀನು ಬಿಟ್ಟರೆ ಸದ್ದಿಲ್ಲ. ಹಾವೇರಿಯ ಮಾತು ಅವನ ಮನಸ್ಸಿನಿಂದ ಇನ್ನೂ ಇಳಿದಿರಲಿಲ್ಲ.

"ಏನ್ ದಿವಾಣಜಿ" ಎಂದ. "ಇಷ್ಟು ಮಂದಿ ಬಾಯಿ ಮುಚಗೊಂಡು ಸುಮ್ನ ಕುಂದ್ರಾಕ ಸರ್ಕಾರ ವರ್ಷಾ ರೊಕ್ಕಾ ಸುರೀಬೇಕೇನು?"

ವಿರೂಪಾಕ್ಷಪ್ಪ ಶೇಖವ್ವನ ಕಡೆ ನೋಡಿದ. ಅವಳು ಮುಂಗೈಯಿಂದ ಹಾಳೆ ತಿರುವುತ್ತಿದ್ದಳು, ತಲೆ ಎತ್ತಲಿಲ್ಲ. ಆತ ಬಾಗಿಲ ತನಕ ನಡೆದು ಹೋಗಿ, ಗೋಡೆಯ ಬೋರ್ಡಿನ ಕಡೆ ಬೆರಳು ಮಾಡಿ, ಪಿಸುದನಿಯಲ್ಲಿ ಹೇಳಿದ.

"ನೋಡ್ರಿ ಸಾವ್ಕಾರ್ರ, ನಿಮ್ಮ ಅಪ್ಪಾರು ನನಗ ಜೀವಮಾನ ಪಗಾರ ಕೊಟ್ರೂ ಈ ಬಾಯಿ ಮುಚ್ಚಸಾಕ ಆಗಿರಲಿಲ್ಲ. ಸರ್ಕಾರ ಒಂದು ಬೋರ್ಡಿನಾಗ ಮುಚ್ಚಸೇತಿ. ಸೋವಿ ಯಾವುದ್ರಿ?"